ಕಾಯಿಕೊರಕಕ್ಕೆ ಬಿಳಿ ಬೂಷ್ಟು: ತೋಟ ಕಲಿಸಿದ್ದು

ಆಫ್ರಿಕಾ ಮೂಲದ ಕಾಫಿ ಕಾಯಿಕೊರಕ ದುಂಬಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ಬಂತು. ನನ್ನ ರೋಬಸ್ಟಾ ತೋಟದಲ್ಲಿ ಅದಕ್ಕೆ ಬ್ಯುವೇರಿಯಾ ಎಂಬ ಶಿಲೀಂಧ್ರ ಬಳಸಿ ಕಂಡುಕೊಂಡದ್ದು ಇಷ್ಟು.

1. ಇದು ಜೀವವಿರುವ ವಸ್ತು. ಬೀಜಕಣ ದುಂಬಿಯ ಮೈಗೆ ಅಂಟಿ, ಮೊಳೆತು, ಚರ್ಮ ತೂರಿ ಒಳಗೆ ಬೆಳೆಯುತ್ತದೆ. ದುಂಬಿ ಸಾಯಲು ಕೆಲವು ದಿನ ಬೇಕು. ಹೊಡೆದ ಮರುದಿನವೇ ಫಲ ಹುಡುಕಬೇಡಿ. ತೂತಿನ ಬಾಯಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಕಂಡರೆ ಕೆಲಸವಾಗಿದೆ ಎಂದರ್ಥ.

2. ಎಲ್ಲಕ್ಕಿಂತ ಮುಖ್ಯ, ಹೊತ್ತು. ಹೆಣ್ಣು ದುಂಬಿ ಕಾಯಿಯ ತುದಿಯಲ್ಲಿ ಕೊರೆಯುತ್ತದೆ. ಒಳಗಿನ ಬೀಜ ಇನ್ನೂ ನೀರು ನೀರಾಗಿದ್ದರೆ ತೂತಿನ ಬಾಯಲ್ಲೇ ಕಾದು ಕೂರುತ್ತದೆ. ಬೂಷ್ಟಿಗೆ ಅದು ಸಿಕ್ಕುವುದು ಆಗಲೇ. ಬೀಜ ಗಟ್ಟಿಯಾದ ಮೇಲೆ ಒಳಹೊಕ್ಕು ಮೊಟ್ಟೆಯಿಡುತ್ತದೆ. ಮರಿಗಳು ಬೆಳೆದು ಅಲ್ಲೇ ಕೂಡುತ್ತವೆ, ಗಂಡಿಗಂತೂ ಹಾರಲೇ ಬರುವುದಿಲ್ಲ. ಆಗ ಹೊರಗೆ ಎಷ್ಟು ಸಿಂಪಡಿಸಿದರೂ ದುಡ್ಡು ದಂಡ. ಹಾಗಾಗಿ ಮಳೆಗಾಲದಲ್ಲಿ ಹೊಳವಾದಾಗಲೆಲ್ಲ ಗೊಂಚಲು ತಿರುಗಿಸಿ ನೋಡಬೇಕು. ತೇವ ಬೂಷ್ಟಿಗೆ ಒಳ್ಳೆಯದು, ಬಿಸಿಲು ಅದನ್ನು ಕೊಲ್ಲುತ್ತದೆ. ಸಂಜೆ ಹೊಡೆಯಿರಿ.

3. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶಿಲೀಂಧ್ರನಾಶಕ, ಈ ಬೂಷ್ಟನ್ನೂ ಬಿಡುವುದಿಲ್ಲ. ಎರಡರ ನಡುವೆ ಅಂತರವಿರಲಿ, ಡ್ರಮ್ಮು ಚೆನ್ನಾಗಿ ತೊಳೆದಿರಲಿ.

4. ಬ್ಯುವೇರಿಯಾ ಪೊಟ್ಟಣದ ಮೇಲೆ ತಯಾರಿಸಿದ ತಾರೀಖು ನೋಡಿ. ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಕಣ ಇರಬೇಕು. ಅಂಗಡಿಯಲ್ಲಿ ಬಿಸಿಲಿಗೆ ಕಾದ ಪೊಟ್ಟಣ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.

5. ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ತರುವುದೂ ಇದೇ ಶಿಲೀಂಧ್ರ. 1835ರಲ್ಲಿ ಇಟಲಿಯ ಅಗೊಸ್ತಿನೊ ಬಸ್ಸಿ ಅದನ್ನು ತೋರಿಸಿಕೊಟ್ಟರು. ಬ್ಯುವೇರಿಯಾ ಬಸ್ಸಿಯಾನಾ ಎಂಬ ಹೆಸರಿನಲ್ಲಿ ‘ಬಸ್ಸಿಯಾನಾ’ ಬಂದದ್ದು ಅವರಿಂದ. ಹತ್ತಿರದಲ್ಲಿ ಹಿಪ್ಪುನೇರಳೆ ತೋಟವೋ ಹುಳುಮನೆಯೋ ಇದ್ದರೆ ಇದನ್ನು ಬಳಸಲೇಬಾರದು.

6. ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ಇದನ್ನು ನಂಬಿ ಕೂರಬೇಡಿ. ಅದರ ಮರಿ ಮರದೊಳಗಿರುತ್ತದೆ, ಸಿಂಪರಣೆ ಅಲ್ಲಿಗೆ ತಲುಪುವುದಿಲ್ಲ. ತೊಗಟೆ ಉಜ್ಜುವುದು, ಹುಳು ಬಿದ್ದ ಗಿಡ ಕಿತ್ತು ಸುಡುವುದು, ಅಷ್ಟೇ.

7. ಬೂಷ್ಟು ಸಹಾಯಕ ಮಾತ್ರ. ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣಿನಲ್ಲೇ ಕೊರಕ ಮುಂದಿನ ಫಸಲಿನವರೆಗೆ ಬದುಕಿರುತ್ತದೆ. ಆಳು ಸಿಗುವುದು ಕಷ್ಟ, ಕೂಲಿ ದುಬಾರಿ, ನಿಜ. ಆದರೂ ಆ ಹಣ್ಣನ್ನು ಆರಿಸಲೇಬೇಕು. ಒಬ್ಬರು ಆರಿಸಿ ಪಕ್ಕದವರು ಬಿಟ್ಟರೆ ದುಂಬಿ ಬೇಲಿ ದಾಟಿ ಬರುತ್ತದೆ. ಈ ಸಲ ಕೊಯ್ಲು ಮುಗಿದ ಕೂಡಲೇ ಅಕ್ಕಪಕ್ಕದ ತೋಟದವರೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಈ ಕೆಲಸ ಮುಗಿಸಿ.