ಮುಳುಗಿದರೆ ಯಾರ ಗಂಟು?

ಮಗಾ, ಸಾಲ ಕೊಡುವ ಕಂಪೆನಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಸಂತೋಷವಾಯಿತು. ಆದರೆ ತಿಂಗಳಿಗೆ ಇಷ್ಟು ಸಾಲ ಹಂಚಲೇಬೇಕು, ವಸೂಲಿ ಬೇರೆಯವರ ಕೆಲಸ ಎಂದೆಯಲ್ಲ, ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. 2008ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳು ಅಡಿಮೇಲಾದದ್ದು ಇಂಥ ಏರ್ಪಾಡಿನಿಂದಲೇ.

ಅಮೆರಿಕದಲ್ಲಿ ಮನೆ ಸಾಲ ಕೊಟ್ಟವನು ಆ ಸಾಲವನ್ನು ತನ್ನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕಮಿಷನ್ ತೆಗೆದುಕೊಂಡು ವಾಲ್‌ಸ್ಟ್ರೀಟಿಗೆ ಮಾರಿಬಿಡುತ್ತಿದ್ದ. ಅಲ್ಲಿಯವರು ಸಾವಿರಾರು ಸಾಲಗಳನ್ನು ಒಟ್ಟು ಹಾಕಿ, ಬಾಂಡು ಮಾಡಿ ದೇಶವಿದೇಶಕ್ಕೆ ಮಾರಿದರು. ಸಾಲಗಾರನ ಸಂಬಳ ಎಷ್ಟು, ಎರಡು ವರ್ಷ ಕಳೆದು ಬಡ್ಡಿ ಏರಿದಾಗ ಕಂತು ಕಟ್ಟಿಯಾನೇ ಎಂದು ವಿಚಾರಿಸುವ ದರ್ದು ಯಾರಿಗೂ ಇರಲಿಲ್ಲ. ಮನೆಯ ಬೆಲೆ ಹೇಗೂ ಏರುತ್ತದೆ, ಮಾರಿ ತೀರಿಸುತ್ತಾನೆ ಎಂದುಕೊಂಡರು. ರೇಟಿಂಗ್ ಸಂಸ್ಥೆಗಳು ಆ ಬಾಂಡುಗಳಿಗೆ ಅತಿ ಸುರಕ್ಷಿತ ಎಂಬ 'ಎಎಎ' ಮುದ್ರೆ ಒತ್ತಿದವು. ಅವುಗಳಿಗೆ ಫೀಸು ಕೊಡುತ್ತಿದ್ದವರು ಬಾಂಡು ಮಾರುವವರೇ.

ಅಲ್ಲಿನ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ತನ್ನ ಬಂಡವಾಳದ ಸುಮಾರು 30 ಪಟ್ಟು ಆಸ್ತಿ ಹೊತ್ತು ಕೂತಿತ್ತು. ಅದಕ್ಕೆ ತಂದ ಸಾಲದಲ್ಲಿ ದೊಡ್ಡ ಪಾಲು ಒಂದೆರಡು ದಿನಗಳ ವಾಯಿದೆಯದ್ದು. ಮನೆಗಳ ಬೆಲೆ ಕುಸಿದಾಗ ಸಾಲ ಕೊಡುತ್ತಿದ್ದವರು ಹಿಂದೆ ಸರಿದರು. 2008ರ ಸೆಪ್ಟೆಂಬರ್ 15ಕ್ಕೆ ಕಂಪೆನಿ ದಿವಾಳಿ. ಮರುವರ್ಷ ದುಬೈ ಸರ್ಕಾರದ ಕಂಪೆನಿ ದುಬೈ ವರ್ಲ್ಡ್ ಕೂಡ ಸಾಲ ತೀರಿಸಲು ಸಮಯ ಕೇಳಿತು. ಗಲ್ಫ್ ಸಂಬಳ ನೆಚ್ಚಿಕೊಂಡ ನಮ್ಮ ಕರಾವಳಿಯ ಮನೆಗಳಿಗೆ ಬಿಸಿ ಮುಟ್ಟಿದ್ದು ಹಾಗೆ.

ಹೀಗೆ ಕಂಪೆನಿ ಮುಳುಗುವುದು ನಮ್ಮ ಹಿರಿಯರಿಗೆ ಹೊಸತಲ್ಲ. 1906ರ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪೆನಿ ಜನರ ಠೇವಣಿ ಸಮೇತ ಮುಳುಗಿತು. ನಮ್ಮ ಕರಾವಳಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ವರ್ಷದ ಜುಲೈಯಲ್ಲಷ್ಟೇ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ಫಂಡನ್ನು ಕಟ್ಟಿದ್ದರು. ಜಗತ್ತೇ ಆರ್ಥಿಕ ಕುಸಿತದಲ್ಲಿದ್ದ 1931ರಲ್ಲಿ ಎ.ಬಿ. ಶೆಟ್ಟರು ಇಲ್ಲೇ ವಿಜಯಾ ಬ್ಯಾಂಕ್ ತೆರೆದರು. ಅದಕ್ಕೂ ಮೊದಲು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಶುರುಮಾಡಿತ್ತು. ಪಿಗ್ಮಿಯವನು ಬರೀ ದುಡ್ಡು ಎತ್ತಿ ಹೋಗುವವನಲ್ಲ. ರಥಬೀದಿಯ ಅಂಗಡಿಯ ಮುಂದೆ ನಿಂತು ಚೀಟಿ ಬರೆಯುವಾಗ ಕಪಾಟು ತುಂಬಿದೆಯೋ ಖಾಲಿಯೋ ಅವನ ಕಣ್ಣಿಗೆ ಬೀಳುತ್ತಿತ್ತು. ಮೂರು ದಿನ ಬಾಗಿಲು ತೆರೆಯದಿದ್ದರೆ ಮ್ಯಾನೇಜರಿಗೆ ಸುದ್ದಿ ಮುಟ್ಟುತ್ತಿತ್ತು. ಆಗಲೂ ಸಾಲ ಮುಳುಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಮುಳುಗಿದ್ದು ಆ ಶಾಖೆಯ ಲೆಕ್ಕದಲ್ಲೇ ಉಳಿಯುತ್ತಿತ್ತು, ಕೊಟ್ಟವರೇ ಜವಾಬು ಹೇಳಬೇಕಿತ್ತು.

ಹಾಗಾಗಿ ನಿನ್ನ ಮೇಲಿನವರಲ್ಲಿ ವಿಚಾರಿಸು: ಕೊಟ್ಟ ಸಾಲವನ್ನು ಕಂಪೆನಿ ಯಾರಿಗೆ ಮಾರುತ್ತದೆ, ತನ್ನ ತಲೆಯ ಮೇಲೆ ಎಷ್ಟು ಉಳಿಸಿಕೊಳ್ಳುತ್ತದೆ, ತಾನು ತಂದ ಹಣದ ವಾಯಿದೆ ಎಷ್ಟು? ಕಾಗದ ಮುಂದಕ್ಕೆ ಕಳಿಸುವ ಮೊದಲು ಸಾಲಗಾರನ ಅಂಗಡಿಗೆ ಒಮ್ಮೆ ಹೋಗಿ ಬಾ. ಟಾರ್ಗೆಟ್ ತಪ್ಪಿದರೂ ಪರವಾಗಿಲ್ಲ. ವಿಚಾರಿಸಿದ್ದಕ್ಕೇ ಅವರು ಸಿಟ್ಟಾದರೆ ನನಗೆ ಹೇಳು, ಬೇರೆ ಕೆಲಸ ನೋಡುವ.