ಚೀಲದಲ್ಲಿದ್ದ ಮರಿಗಳು

ನಮ್ಮದು ಹೊಲದ ನಡುವಿನ ಮನೆ. ಒಂದು ದಿನ ಬೆಳಿಗ್ಗೆ ನಾವು ಕೆರೆ ಏರಿಯ ಮೇಲೆ ಬರುತ್ತಿದ್ದೆವು. ಬೇಲಿಯ ಪಕ್ಕದಲ್ಲಿ ಒಂದು ಗೊಬ್ಬರದ ಚೀಲ ಬಿದ್ದಿತ್ತು. ಚೀಲ ಅಲುಗಾಡಿತು. ಒಳಗಿಂದ "ಕುಂಯ್, ಕುಂಯ್" ಎಂದು ಸದ್ದು ಬಂತು.

ಚೀಲದ ಬಾಯಿ ಬಿಚ್ಚಿದೆವು. ಒಳಗೆ ಮೂರು ನಾಯಿಮರಿ. ಒಂದು ಆಗಲೇ ಸತ್ತಿತ್ತು. ಮೂರೂ ಹೆಣ್ಣು. ಹೆಣ್ಣೆಂದೇ ಅವನ್ನು ಎಸೆದಿದ್ದರು.

ಬದುಕಿದ ಎರಡನ್ನು ಸೆರಗಿನಲ್ಲಿ ಇಟ್ಟುಕೊಂಡು ಮನೆಗೆ ತಂದೆವು. ಅತ್ತೆ ಸಿಟ್ಟಾದರು.

"ಹೆಣ್ಣು ನಾಯಿ ಯಾಕ್ ತಂದ್ರಿ? ವರ್ಷಕ್ಕೆ ಎರಡು ಸಲ ಮರಿ ಹಾಕ್ತಾವೆ. ಅವನ್ನೆಲ್ಲ ಎಲ್ಲಿ ಬಿಡೋದು?" ಎಂದರು.

ಅತ್ತೆಯ ಮಾತು ಸುಳ್ಳಲ್ಲ. ನಾಯಿಯ ಗರ್ಭ ಎರಡೇ ತಿಂಗಳು. ಒಂದು ಸಲಕ್ಕೆ ನಾಲ್ಕೈದು ಮರಿ. ಮತ್ತೆ ಚೀಲ, ಮತ್ತೆ ಬೇಲಿ. ಆದರೆ ಇದಕ್ಕೆ ದಾರಿ ಇದೆ.

ಮರಿಗಳಿಗೆ ಕೆಂಪಿ, ಕರಿಯಿ ಎಂದು ಹೆಸರಿಟ್ಟೆವು. ರಾಗಿ ಗಂಜಿ, ಅನ್ನ, ಬೇಯಿಸಿದ ಮೊಟ್ಟೆ ಕೊಟ್ಟೆವು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಕೊಡಲಿಲ್ಲ. ಅದು ನಾಯಿಗೂ ಬೆಕ್ಕಿಗೂ ವಿಷ.

ಎಂಟನೇ ದಿನ ನಮ್ಮ ಮಗ ಆಡುವಾಗ ಕರಿಯಿ ಅವನ ಬೆರಳು ಕಚ್ಚಿತು. ರಕ್ತ ಬಂತು. "ಮರಿ ಅಲ್ವಾ, ಏನೂ ಆಗಲ್ಲ. ಖಾರದ ಪುಡಿ ಮೆತ್ತಿ" ಎಂದರು ಪಕ್ಕದ ಹೊಲದವರು. ನಾವು ಖಾರ ಮೆತ್ತಲಿಲ್ಲ, ಸುಣ್ಣ ಹಚ್ಚಲಿಲ್ಲ. ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದೆವು. ಅಂದೇ ಸರಕಾರಿ ಆಸ್ಪತ್ರೆಗೆ ಹೋದೆವು.

"ಒಳ್ಳೇದು ಮಾಡಿದ್ರಿ. ಚಿಕ್ಕ ಮರಿಯಿಂದಲೂ ಹುಚ್ಚುನಾಯಿ ರೋಗ ಬರಬಹುದು. ರೋಗ ಕಾಣಿಸಿಕೊಂಡ ಮೇಲೆ ಬದುಕೋದು ಇಲ್ಲವೆನ್ನುವಷ್ಟು ಅಪರೂಪ" ಎಂದರು ಡಾಕ್ಟರು. ಹಿಂದೆ ಹೊಟ್ಟೆಗೆ 14 ಚುಚ್ಚುಮದ್ದು ಹಾಕುತ್ತಿದ್ದರು. ಈಗ ತೋಳಿಗೆ ಹಾಕುತ್ತಾರೆ. ಡಾಕ್ಟರು ಹೇಳಿದ ದಿನ ಒಂದೂ ತಪ್ಪಿಸದೆ ಹಾಕಿಸಿದೆವು. ಮಗ ಚೆನ್ನಾಗಿದ್ದಾನೆ.

ಮೂರು ತಿಂಗಳು ತುಂಬಿದಾಗ ಮರಿಗಳನ್ನು ಪಶು ಆಸ್ಪತ್ರೆಗೆ ಒಯ್ದೆವು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ಈಗ ಪ್ರತಿವರ್ಷ ಹಾಕಿಸುತ್ತೇವೆ. ಆರು ತಿಂಗಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಹೊಲಿಗೆ ಮಾಗುವವರೆಗೆ ಹತ್ತು ದಿನ ಒಳಗೇ ಇಟ್ಟೆವು. ಆಗ ಗಂಜಿ ಕಾಸಿ ಕೊಟ್ಟವರು ಯಾರು ಗೊತ್ತೇ? ನಮ್ಮ ಅತ್ತೆ!

ಆಮೇಲೆ ಸಂತೆಯಲ್ಲಿ ಯಾರೋ ಬಿಟ್ಟುಹೋದ ಬೆಕ್ಕಿನ ಮರಿಯೂ ಮನೆ ಸೇರಿತು. ಬೆಕ್ಕಿಗೂ ಲಸಿಕೆ ಬೇಕು, ಶಸ್ತ್ರಚಿಕಿತ್ಸೆ ಬೇಕು. ಬೆಕ್ಕು ಬಂದ ಮೇಲೆ ಕಣಜದ ಹತ್ತಿರ ಇಲಿ ಪಾಷಾಣ ಇಡುವುದನ್ನು ಬಿಟ್ಟೆವು. ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು.

ಈಗ ರಾತ್ರಿ ಹೊಲಕ್ಕೆ ಹಂದಿ ಬಂದರೆ ಕೆಂಪಿ, ಕರಿಯಿ ಬೊಗಳಿ ಎಬ್ಬಿಸುತ್ತವೆ. "ನಮ್ಮ ಹೆಣ್ಮಕ್ಳು" ಎನ್ನುತ್ತಾರೆ ಅತ್ತೆ.

ನೆನಪಿಡಿ

ಅನ್ನ ಹಾಕಿದರೆ ಸಾಲದು. ಲಸಿಕೆ, ಶಸ್ತ್ರಚಿಕಿತ್ಸೆ ಎರಡೂ ಬೇಕು.

ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ಬಿಟ್ಟುಹೋಗುವುದು 1960ರ ಕಾಯಿದೆಯ ಪ್ರಕಾರ ಅಪರಾಧ.

ಮಾತಾಡೋಣ, ಬರೆಯೋಣ

1. ಮರಿಗಳನ್ನು ಏಕೆ ಎಸೆದಿದ್ದರು?
2. ನಾಯಿ ಕಚ್ಚಿದರೆ ಮೊದಲು ಏನು ಮಾಡಬೇಕು?
3. ನಿಮ್ಮ ಊರಿನ ನಾಯಿಗಳಿಗೆ ಲಸಿಕೆ ಹಾಕಿಸಿದ್ದಾರೆಯೇ? ಪಶು ಆಸ್ಪತ್ರೆಯಲ್ಲಿ ಕೇಳಿ ಬನ್ನಿ.