ಗಣಕಲೋಕದ ಪೆಟ್ಟಿಗೆ

1956ನೆಯ ಇಸವಿಯ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ ನಗರಕ್ಕೆ ಹೊರಟಿತು. ಇದನ್ನು ಏರ್ಪಡಿಸಿದವನು ಲಾರಿ ಸಾರಿಗೆಯ ಉದ್ಯಮಿಯಾದ ಮಾಲ್ಕಮ್ ಮೆಕ್ಲೀನ್. ಅದುವರೆಗೆ ಮೂಟೆಗಳನ್ನೂ ಪೀಪಾಯಿಗಳನ್ನೂ ಹಮಾಲರು ಒಂದೊಂದಾಗಿ ಏರಿಸಿ ಇಳಿಸಬೇಕಾಗಿತ್ತು. ಕಂಟೇನರು ಎಂಬ ಈ ಪೆಟ್ಟಿಗೆ ಬಂದ ಮೇಲೆ, ಒಳಗಿನ ಸರಕನ್ನು ಮುಟ್ಟದೆಯೇ ಅದನ್ನು ಲಾರಿ, ಹಡಗು, ರೈಲುಗಳ ಮೇಲೆ ಸಾಗಿಸುವುದು ಸಾಧ್ಯವಾಯಿತು. 1981ರಲ್ಲಿ ಇಂತಹ ಪೆಟ್ಟಿಗೆಗಳು ಸಮುದ್ರತೀರವಿಲ್ಲದ ಬೆಂಗಳೂರಿಗೂ ರೈಲಿನಲ್ಲಿ ಬಂದವು.

ಗಣಕಲೋಕದಲ್ಲಿಯೂ ಇಂತಹುದೇ ತೊಡಕಿತ್ತು. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಗ್ರಾಮದ ವಿದ್ಯಾರ್ಥಿಯೊಬ್ಬನು ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು ಹುಡುಕಿಕೊಡುವ ಒಂದು ವೆಬ್ ತಂತ್ರಾಂಶವನ್ನು ಪೈಥಾನ್ ಭಾಷೆಯಲ್ಲಿ ರಚಿಸಿದನೆಂದು ಭಾವಿಸಬಹುದು. ಅವನ ಗಣಕಯಂತ್ರದಲ್ಲಿ ಅದು ಸರಾಗವಾಗಿ ನಡೆಯುತ್ತದೆ. ರಾಯಚೂರಿನಲ್ಲಿರುವ ಗೆಳೆಯನ ಯಂತ್ರದಲ್ಲಿ ನಿಂತುಹೋಗುತ್ತದೆ. ಅಲ್ಲಿ ಪೈಥಾನಿನ ಆವೃತ್ತಿ ಹಳೆಯದು. ಬೇಕಾದ ಸಹಾಯಕ ತಂತ್ರಾಂಶಗಳೂ ಇಲ್ಲ. ತಪ್ಪು ಬರೆದವನದಲ್ಲ, ಪರಿಸರ ಬೇರೆಯಾದುದೇ ಕಾರಣ.

ಈ ತೊಡಕಿಗೆ ಸುಲಭವಾದ ಪರಿಹಾರವೊಂದನ್ನು 2013ರ ಮಾರ್ಚ್ ತಿಂಗಳಿನಲ್ಲಿ ಸಾಲೊಮನ್ ಹೈಕ್ಸ್ ಎಂಬಾತನು ಲೋಕದ ಮುಂದಿಟ್ಟನು. ಅದರ ಹೆಸರು ಡಾಕರ್. ಬಂದರಿನ ಹಮಾಲ ಎಂಬುದೇ ಆ ಪದದ ಅರ್ಥ.

ಇದರ ಕ್ರಮ ಸರಳವಾದುದು. ಮೊದಲು ‘ಡಾಕರ್‌ಫೈಲ್’ ಎಂಬ ಕಡತದಲ್ಲಿ ಯಾವ ಆವೃತ್ತಿಯ ಪೈಥಾನ್ ಬೇಕು, ಯಾವ ಸಹಾಯಕ ತಂತ್ರಾಂಶಗಳನ್ನು ಸೇರಿಸಬೇಕು, ಯಾವ ಆಜ್ಞೆಯಿಂದ ಆರಂಭಿಸಬೇಕು ಎಂಬುದನ್ನು ಸಾಲುಸಾಲಾಗಿ ಬರೆಯಬೇಕು. ಇದರಿಂದ ‘ಇಮೇಜ್’ ಎಂಬ ಅಚ್ಚು ಸಿದ್ಧವಾಗುತ್ತದೆ. ಒಂದೇ ಅಚ್ಚಿನಿಂದ ಹಲವು ಇಟ್ಟಿಗೆಗಳನ್ನು ತೆಗೆಯುವಂತೆ, ಒಂದು ಇಮೇಜಿನಿಂದ ಎಷ್ಟು ಕಂಟೇನರುಗಳನ್ನಾದರೂ ನಡೆಸಬಹುದು. ಪ್ರತಿಯೊಂದರಲ್ಲಿಯೂ ಇಡೀ ಕಾರ್ಯಾಚರಣ ವ್ಯವಸ್ಥೆ ಇರಬೇಕಾಗಿಲ್ಲ. ಅದರ ತಿರುಳಾದ ಕರ್ನೆಲನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಆದುದರಿಂದಲೇ ಕಂಟೇನರು ಹಗುರವಾಗಿದ್ದು, ಬೇಗನೆ ಆರಂಭವಾಗುತ್ತದೆ.

ಕಲಿಯುವವರು ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಮುಚ್ಚಿದ ಪೆಟ್ಟಿಗೆಗೆ ಬಾಗಿಲು ಬೇಕು. ಒಳಗಿನ 5000ನೆಯ ಪೋರ್ಟನ್ನು ಹೊರಗಿನ 8080ನೆಯ ಪೋರ್ಟಿಗೆ ಜೋಡಿಸಿದರೆ, ಹೊರಗಿನಿಂದ ಪುಟವನ್ನು ತೆರೆಯಬಹುದು. ಎರಡನೆಯದಾಗಿ, ಕಂಟೇನರನ್ನು ಅಳಿಸಿದರೆ ಅದರೊಳಗೆ ಬರೆದಿಟ್ಟುದೂ ಅಳಿಯುತ್ತದೆ. ಆದುದರಿಂದ ಗ್ರಂಥಾಲಯದ ದಾಖಲೆಗಳನ್ನು ‘ವಾಲ್ಯೂಮ್’ ಎಂಬ ಹೊರಗಿನ ಉಗ್ರಾಣದಲ್ಲಿ ಇರಿಸಬೇಕು. ಇದನ್ನರಿಯದವನು ವರ್ಷದ ದುಡಿಮೆಯನ್ನು ಕ್ಷಣದಲ್ಲಿ ಕಳೆದುಕೊಳ್ಳಬಹುದು.

ಈ ವಿದ್ಯೆ ನಮ್ಮ ನಾಡಿಗೆ ದೂರದ್ದಲ್ಲ. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ಪಾಠಗಳನ್ನು ತೆರೆಯುವ ‘ದೀಕ್ಷಾ’ ವೇದಿಕೆಯು 2017ರ ಸೆಪ್ಟೆಂಬರ್ 5ರಂದು ಆರಂಭವಾಯಿತು. ಅದಕ್ಕೆ ಆಧಾರವಾದ ‘ಸನ್‌ಬರ್ಡ್’ ತಂತ್ರಾಂಶವು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ರೂಪುಗೊಂಡಿತು. ಅದರ ಭಾಗಗಳು ನಡೆಯುವುದು ಕಂಟೇನರುಗಳಲ್ಲಿಯೇ. ಸನ್‌ಬರ್ಡಿನ ಮೂಲ ಬರಹವು ಎಲ್ಲರಿಗೂ ಮುಕ್ತವಾಗಿದೆ. ಮಹಾನಗರದ ತಜ್ಞನು ಬಳಸುವ ಉಪಕರಣವೇ ಹಳ್ಳಿಯ ವಿದ್ಯಾರ್ಥಿಗೂ ದೊರೆಯುತ್ತದೆ. ಅವನು ಕಟ್ಟಿದ ಪೆಟ್ಟಿಗೆ ಎಲ್ಲಿ ತೆರೆದರೂ ಅವನ ಕೆಲಸವನ್ನು ಕೆಡದಂತೆ ತೋರಿಸುತ್ತದೆ. ಬೇಕಾದುದು ಶ್ರದ್ಧೆ ಮತ್ತು ಅಚ್ಚುಕಟ್ಟು.